ಏಳನೆಯ ಅಡಿಟಿಪ್ಪಣಿ

ಹೆಣ್ಣುಮಕ್ಕಳ ಹಾಸ್ಟೆಲು, ಮೈಸೂರು
೩ ಜುಲೈ ೧೯೩೯

ಅಮ್ಮನಿಗೆ ನಮಸ್ಕಾರ. ಇದನ್ನು ಓದಿ ಹೇಳುತ್ತಿರುವ ಅಶ್ವತ್ಥಪ್ಪ ಮೇಷ್ಟರಿಗೂ ನಮಸ್ಕಾರ. ಮೇಷ್ಟರೇ, ನಡುನಡುವೆ ನಿಮ್ಮ ಪ್ರಾಸ ಸೇರಿಸದೆ ಓದಬೇಕಾಗಿ ಪ್ರಾರ್ಥನೆ.

ಅಮ್ಮ, ನೀನು ಕಳೆ ಕೀಳುವಾಗ ಹೇಳುತ್ತಿದ್ದ ಚಿನ್ನದ ಗಣಿಯ ಪದಗಳನ್ನು ಬೇಸಿಗೆ ರಜದಲ್ಲಿ ಬರೆದುಕೊಂಡು ಬಂದೆನಲ್ಲ, ಆ ಹನ್ನೆರಡು ಹಾಡುಗಳ ಮೇಲೆ ಒಂದು ಪ್ರಬಂಧ ಬರೆದಿದ್ದೇನೆ. ಇಲ್ಲಿನ ತ್ರೈಮಾಸಿಕದವರು ಅಚ್ಚು ಹಾಕಲು ಒಪ್ಪಿದ್ದಾರೆ. ದೊಡ್ಡ ದೊಡ್ಡ ಪಂಡಿತರು ಬರೆಯುವ ಪತ್ರಿಕೆ ಅದು. ಹೆಂಗಸಿನ ಹೆಸರು ಅದರ ಚಂದಾದಾರರ ಪಟ್ಟಿಯಲ್ಲೂ ಇದುವರೆಗೆ ಬಂದಿಲ್ಲವಂತೆ.

ಆದರೆ ಸಂಪಾದಕರದು ಒಂದು ಷರತ್ತು. ಪ್ರತಿ ಹಾಡಿಗೂ ಪುಟದ ಕೆಳಗೆ ಅಡಿಟಿಪ್ಪಣಿ ಬೇಕು. ಪುಸ್ತಕದಿಂದ ತೆಗೆದದ್ದಾದರೆ ಬರೆದವರ ಹೆಸರು, ಪುಸ್ತಕ, ಅಚ್ಚಾದ ಊರು, ಪುಟ. ನನ್ನ ಹಾಡುಗಳಿಗೆ ಪುಟವೆಲ್ಲಿದೆ, ಬಾಯಿ ಮಾತ್ರ ಇದೆ ಎಂದೆ. "ಬಾಯಿಗೂ ಒಂದು ಹೆಸರಿರುತ್ತದಲ್ಲಮ್ಮ, ಅದನ್ನು ಹಾಕು" ಎಂದರು. ಹನ್ನೆರಡಕ್ಕೂ 'ಅಕ್ಕಯ್ಯಮ್ಮ, ಸೀಗೆಹಳ್ಳಿ' ಎಂದು ಬರೆದುಕೊಟ್ಟೆ. ಕೆಂಪು ಮಸಿಯಲ್ಲಿ ಹೊಡೆದು, 'ಇವರು ಯಾರಿಂದ ಕಲಿತರು? ಮೂಲ?' ಎಂದು ವಾಪಸು ಮಾಡಿದ್ದಾರೆ.

ಅದರ ಮೇಲೆ ಇನ್ನೊಂದು ಕಾಟ. ವಿಲಾಯಿತಿ ಪತ್ರಿಕೆಗಳಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಹಾಕುತ್ತಾರಂತೆ. ನಮಗೆ ಮನೆತನದ ಹೆಸರು ಎಲ್ಲಿಂದ ತರುವುದು? ಸಂಪಾದಕರು ತಾವೇ ಕತ್ತರಿ ಹಿಡಿದು ನಿನ್ನನ್ನು 'ಅಮ್ಮ, ಅಕ್ಕಯ್ಯ' ಮಾಡಿದ್ದರು. ಇದು ಒಬ್ಬರೋ ಇಬ್ಬರೋ ಎಂದು ಅಚ್ಚುಮೊಳೆ ಜೋಡಿಸುವವನೇ ಕೇಳಿದ ಮೇಲೆ ಆ ಪದ್ಧತಿ ಕೈಬಿಟ್ಟರು.

ಹಾಗಾಗಿ ಒಂದರಿಂದ ಹನ್ನೆರಡರವರೆಗೆ ಯಾವ ಹಾಡು ಯಾರಿಂದ ಬಂತು ಎಂದು ಮೇಷ್ಟರಿಗೆ ಹೇಳು. ಮೇಷ್ಟರೇ, ಮೇಲಿನ ಟಿಪ್ಪಣಿಯವರೇ ಮತ್ತೆ ಬಂದರೆ ಹೆಸರು ತಿರುಗಿ ಬರೆಯಬೇಡಿ. 'ಅದೇ' ಎಂದು ಹಾಕಿದರೆ ಸಾಕು. ಅದು ಪತ್ರಿಕೆಯ ನಿಯಮ.

ಬೇಗ ಬರೆಯಿರಿ. ಟಪಾಲಿನವನ ಸೈಕಲ್ ಗಂಟೆಗೆಲ್ಲ ನಾನು ಮೆಟ್ಟಿಲಿಳಿದು ಓಡುತ್ತೇನೆಂದು ವಾರ್ಡನ್ ಅಮ್ಮನವರು ಈಗಾಗಲೇ ಏನೇನೋ ಊಹಿಸುತ್ತಿದ್ದಾರೆ.

ನಿನ್ನ ಮಗಳು
ಮುನಿರತ್ನ


ಸೀಗೆಹಳ್ಳಿ, ಬಂಗಾರಪೇಟೆ ತಾಲ್ಲೂಕು
೧೧ ಜುಲೈ ೧೯೩೯

ಚಿರಂಜೀವಿ ಮುನಿರತ್ನಳಿಗೆ ಆಶೀರ್ವಾದ. ಇದು ನಿನ್ನ ತಾಯಿಯದು. ಕೈಬರಹದ ಮಟ್ಟಿಗೆ ನನ್ನದು.

ಊರಿನ ಹೆಸರು ಅಚ್ಚಿನಲ್ಲಿ ಹೇಗೆ ಹಾಕುತ್ತಾರೆ, ವಿಚಾರಿಸು. ರೈಲ್ವೆ ಬೋರ್ಡಿನಲ್ಲಿ ಬೌರಿಂಗ್‌ಪೇಟೆ, ನಮ್ಮ ಬಾಯಲ್ಲಿ ಬಂಗಾರಪೇಟೆ. ಟಿಕೆಟು ಅಲ್ಲಿಗೆ ಕೊಳ್ಳುತ್ತೇವೆ, ಇಲ್ಲಿ ಇಳಿಯುತ್ತೇವೆ. ಸಂಪಾದಕರ ಷರತ್ತನ್ನು ನಿನ್ನ ತಾಯಿಗೆ ಓದಿ ಹೇಳಿದೆ. ಮೇಲೆ ಹಾಡು, ಕೆಳಗೆ ಅದರ ಪಾಡು ಎಂದು ನಾನು ಅಂದದ್ದಕ್ಕೆ, "ಸುಮ್ಕೆ ಬರ್ಕಳ್ಳಿ ಮೇಷ್ಟ್ರೇ, ರಾಗಿ ಕೇರ್ಬೇಕು" ಎಂದರು.

ಮೊದಲ ಮೂರು, ಕೋರಮಂಡಲ್ ಗಣಿಯ ಕೂಲಿ ಲೈನಿನಲ್ಲಿದ್ದ ಪಾಪಕ್ಕನವು. ಅರ್ಧ ತೆಲುಗು. ನಾಲ್ಕು ಮತ್ತು ಐದು ಆಂಡರ್ಸನ್‌ಪೇಟೆಯ ಮಾರಿಯಮ್ಮ ಹೇಳಿಕೊಟ್ಟದ್ದು. ಆಕೆ ಅರವದಲ್ಲಿ ಹಾಡಿದ್ದನ್ನು ನಿನ್ನ ತಾಯಿ ಕನ್ನಡಕ್ಕೆ ಬಗ್ಗಿಸಿಕೊಂಡರಂತೆ. ಆರನೆಯದು ಚಿಕ್ಕವೆಂಕಟಪ್ಪನದು, ಮೊದಲು ಇದೇ ಊರಿನವನು, ಗಣಿಯಲ್ಲಿದ್ದು ಈಗ ರಾಬರ್ಟ್‌ಸನ್‌ಪೇಟೆಯಲ್ಲಿ ಕಾಫಿ ಕ್ಲಬ್ಬು ಇಟ್ಟಿದ್ದಾನೆ. "ರಾಗ ಕತ್ತೇದು ಅಂತ್ಲೂ ಬರ್ಕಳ್ಳಿ" ಎಂದರು. ಅದಕ್ಕೆ ಪತ್ರಿಕೆಯಲ್ಲಿ ಜಾಗವಿಲ್ಲ ಎಂದೆ.

ಆಮೇಲೆ ಏಳನೆಯದನ್ನು ಏಳಿ ಎಂದೆ. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಲ್ಲ, ಏಳಕ್ಕೂ ಹೇಳಕ್ಕೂ ಭೇದವಿಲ್ಲ. ಈ ಶ್ಲೇಷೆಯನ್ನು ನೀನಾದರೂ ಮೆಚ್ಚಬೇಕು. ನಿನ್ನ ತಾಯಿ ಮೆಚ್ಚಲಿಲ್ಲ. ಮೊರ ಕೈಯಲ್ಲೇ ನಿಂತಿತು. "ಅದೇ ಯೆಸ್ರು ಬರ್ಕಳ್ಳಿ" ಎಂದರು. ಎಂಟು? "ಅದೇ." ಒಂಬತ್ತು? "ಅದೇ ಕಣಪ್ಪಾ, ಎಷ್ಟು ಸಲ ಕೇಳ್ತೀರ, ಕೊನೇಗಂಟ ಅದೇ." ಹಸು ಕೂಗಿತೆಂದು ಎದ್ದು ಕೊಟ್ಟಿಗೆಗೆ ಹೋದರು. ನನಗೆ ಕೂಗು ಕೇಳಿಸಿದಂತಿಲ್ಲ.

ಪತ್ರಿಕೆಯ ನಿಯಮವನ್ನು ಒಂದೇ ಸಲಕ್ಕೆ ಇಷ್ಟು ಚೆನ್ನಾಗಿ ಹಿಡಿದುಕೊಂಡವರನ್ನು ನಾನು ನೋಡಿಲ್ಲ. ಹಾಗೇ ಹಾಕಿದ್ದೇನೆ: ಆರು, ಚಿಕ್ಕವೆಂಕಟಪ್ಪ. ಏಳರಿಂದ ಹನ್ನೆರಡು, ಅದೇ.

ಹೇಳಿದವರು: ಅಕ್ಕಯ್ಯಮ್ಮ
ಬರೆದವನು: ಅಶ್ವತ್ಥಪ್ಪ


ಮೈಸೂರು
೨೯ ಜುಲೈ ೧೯೩೯

ಅಮ್ಮನಿಗೆ, ಮೇಷ್ಟರಿಗೆ ನಮಸ್ಕಾರ.

ಹನ್ನೆರಡರಲ್ಲಿ ಏಳು ಹಾಡು ಒಬ್ಬನೇ ಕಟ್ಟಿದ್ದಾದರೆ ಅವನು ಸಾಮಾನ್ಯನಲ್ಲ, ಅವನ ಹೇಳಿಕೆ ತರಿಸು ಎಂದರು ಸಂಪಾದಕರು. ಕೂತಲ್ಲಿ ಕೂರಲಾರದೆ ಆ ದಿನವೇ ರಾಬರ್ಟ್‌ಸನ್‌ಪೇಟೆಗೆ ಕಾಗದ ಹಾಕಿದೆ. ಚಿಕ್ಕವೆಂಕಟಪ್ಪನವರ ಉತ್ತರ ಮರುಟಪಾಲಿಗೇ ಬಂತು, ರುಜು ಸಮೇತ: 'ಆರರಿಂದ ಹನ್ನೆರಡು ಎಲ್ಲಾ ನಮ್ಮವೇ. ಗಣಿಯಲ್ಲಿ ಎಲ್ಲರಿಗೂ ಗೊತ್ತು. ಪುಸ್ತಕ ಬಂದಾಗ ಎರಡು ಪ್ರತಿ ಕಳಿಸುವುದು, ಒಂದನ್ನು ಕಟ್ಟು ಹಾಕಿಸಿ ಕ್ಲಬ್ಬಿನ ಗೋಡೆಗೆ ಹಾಕುತ್ತೇವೆ.' ಸಂಪಾದಕರು ತೃಪ್ತರಾದರು.

ಏಳನೆಯ ಹಾಡಂತೂ ಅವರಿಗೆ ಬಹಳ ಹಿಡಿಸಿದೆ. ಕಚೇರಿಯಲ್ಲಿ ಎದ್ದು ನಿಂತು ಓದಿದರು:

ಇಳಿಸೋ ತೊಟ್ಲು ಕಬ್ಬಿಣದ್ದು, ತೂಗೋಳು ತಾಯಲ್ಲ
ಎಳೆಯೋ ಅಗ್ಗ ಮ್ಯಾಲೈತೆ, ಕೂಗೋಕೆ ಬಾಯಿಲ್ಲ

ಗಣಿಗೆ ಆಳುಗಳನ್ನು ಇಳಿಸುವ ಕೇಜನ್ನು ತೊಟ್ಟಿಲು ಎಂದವನು ಕವಿ, ಅವನ ಹೆಸರು ಉಳಿಯಬೇಕು ಎಂದರು. ಕಾಫಿ ಮಾರುವವರೂ ಕವಿಗಳಾಗಬಹುದು ಎಂದು ನಾನು ಸೇರಿಸಿದೆ.

ಮೊದಲ ಕರಡಚ್ಚು ಇದರೊಡನೆ ಇದೆ. ಮೇಷ್ಟರೇ, ಅಮ್ಮನಿಗೆ ಪೂರ್ತಿ ಓದಿ ಹೇಳಿ. ಅಡಿಟಿಪ್ಪಣಿ ಸಮೇತ.

ಮುನಿರತ್ನ


ಸೀಗೆಹಳ್ಳಿ
೬ ಆಗಸ್ಟ್ ೧೯೩೯

ಮುನಿರತ್ನಳಿಗೆ.

ಅಡಿಟಿಪ್ಪಣಿ ಸಮೇತ ಓದಿದೆ. ಓದಬಾರದಿತ್ತೋ ಏನೋ, ತಿಳಿಯದು.

ಆರನೆಯ ಟಿಪ್ಪಣಿಯವರೆಗೆ ಶಾಂತವಾಗಿದ್ದರು. ಏಳಕ್ಕೆ 'ಅದೇ' ಎಂದು ಓದಿದೆ. ತಲೆಯಾಡಿಸಿದರು. ಆಮೇಲೆ ನಾನು ಜಾಣತನ ತೋರಿಸಲು ಹೋಗಿ, "ಅಂದರೆ ಚಿಕ್ಕವೆಂಕಟಪ್ಪನೇ" ಎಂದು ವಿವರಿಸಿದೆ. ಮೊರ ಎದ್ದು ಗೋಡೆಗೆ ಹೋಯಿತು.

"ಯಾರು? ಅವ್ನಾ? ಅವ್ನೇನು ಕಟ್ತಾನೆ ಇಂಥಾ ಪದ? ಸೊಂಟಕ್ಕೆ ಪಂಚೆ ಕಟ್ಟಕ್ ಬತ್ತಿರ್ಲಿಲ್ಲ ಅವ್ನಿಗೆ!"

"ನೀವೇ ಅದೇ ಅಂದಿರಲ್ಲಮ್ಮ."

"ಅದೇ ಯೆಸ್ರು ಅಂದೆ. ಇವ್ರ ಯೆಸ್ರು. ಮುನಿರತ್ನನ ಅಪ್ಪನ ಯೆಸ್ರು!"

ಗಂಡನ ಹೆಸರನ್ನು ಬಾಯಲ್ಲಿ ಆಡದ ಹೆಂಗಸಿಗೆ 'ಅದೇ ಹೆಸರು' ಎಂದರೆ ಲೋಕದಲ್ಲಿ ಒಂದೇ ಹೆಸರು. ನನ್ನ ಲೇಖನಿಗೆ ಅದು ಪತ್ರಿಕೆಯ ನಿಯಮವಾಯಿತು. ನಿಮ್ಮಪ್ಪನವರೇ ಹಾಡು ಕಟ್ಟಿದರೇ ಎಂದು ಕೇಳಿದೆ. ಅವರು ಬದುಕಿದ್ದಾಗ ಎತ್ತಿಗೆ ಹೋ ಎನ್ನುವುದನ್ನು ಬಿಟ್ಟು ಬೇರೆ ಹಾಡಿದ್ದಿಲ್ಲವಂತೆ. ಮತ್ತೆ ಯಾರು? ಇಲ್ಲಿಂದ ಮುಂದೆ ಅವರ ಮಾತನ್ನೇ ಬರೆಯುತ್ತೇನೆ. ನನ್ನ ವ್ಯಾಕರಣ ದೂರ ಕೂತಿರಲಿ.

"ನನ್ ತಮ್ಮ. ನಮ್ ತಾತನ ಯೆಸ್ರು ಅಂತ ನಮ್ಮಪ್ಪ ಅವ್ನಿಗೆ ಮಡಗಿದ. ನಮ್ಮತ್ತೇನೂ ಅವ್ರಪ್ಪನ ಯೆಸ್ರು ಅಂತ ಅವ್ರ ಮಗಂಗೆ ಅದ್ನೇ ಮಡಗಿದ್ಲು. ಆ ಮಗನಿಗೇ ನನ್ನ ಕೊಟ್ರು. ತಾಳಿ ಬಿತ್ತು, ಗಂಡನ ಯೆಸ್ರು ಬಾಯಿಂದ ಓಯ್ತು. ಜೊತೇಗೆ ತಮ್ಮಂದೂ ಓಯ್ತು. ಎತ್ತಾಡ್ಸಿದ್ ಕೂಸು ಮೇಷ್ಟ್ರೇ. ಅಲ್ಲೀಗಂಟ ಯೆಸ್ರಿಡ್ದು ಕೂಗ್ತಿದ್ದೋಳು, ಆಮ್ಯಾಕೆ 'ಲೇ ಇವ್ನೇ' ಅನ್ಬೇಕು. ಅವ್ನು ತಿರುಗ್ತಾನೇ ಇರ್ಲಿಲ್ಲ. 'ನನ್ ಯೆಸ್ರು ಬಾವ ಒಡ್ಕಂಡೋದ' ಅಂತ ನಗಾಡ್ತಿದ್ದ. ಕೋರಮಂಡಲ್‌ಗೆ ಕೆಲಸಕ್ಕೋದ. ರಜ ಸಿಕ್ಕಾಗ ಬಂದು ಪದ ಏಳೋನು. ಮುನಿರತ್ನ ವೊಟ್ಟೇಲಿದ್ಲು, ಒಳಗೆ ಬಂಡೆ ಸಿಡೀತು. ಬರ್ಲಿಲ್ಲ. ಮದ್ವೆ ಇಲ್ಲ, ಮಕ್ಕಳಿಲ್ಲ, ಅವ್ನ ಯೆಸ್ರು ಏಳೋರು ಯಾರವ್ರೆ? ಆ ಚಿಕ್ಕವೆಂಕಟ ಅವ್ನ ಜೊತೆ ಇಳೀತಿದ್ದೋನು. ಇವ್ನು ಕಟ್ಟೋದು, ಅವ್ನು ಮದ್ವೆ ಮನೇಲಿ ಎದೆ ಸೆಟ್ಸಿ ಆಡೋದು."

ನೀನು ಶಾಲೆಗೆ ಸೇರಿದಾಗಿನ ದಾಖಲೆ ತೆಗೆದು ನಿಮ್ಮಪ್ಪನ ಹೆಸರು ಖಚಿತ ಮಾಡಿಕೊಂಡೆ: ಕದಿರಪ್ಪ. ನಿನ್ನ ಸೋದರಮಾವನ ಹೆಸರೂ ಕದಿರಪ್ಪನೆಂದೇ ಆಗಬೇಕು. ಹೌದೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ, ಬಾಯಿ ಬಿಡುವುದಿಲ್ಲ.

ಅವರ ಕಡೆಯ ಮಾತು: "ಅವ್ನ ಯೆಸ್ರು ಆಕ್ಸು. ಆಗ್ದಿದ್ರೆ ಪದಾನೇ ಕಿತ್ತಾಕು. ಚಿಕ್ಕವೆಂಕಟನ್ ಯೆಸ್ರಲ್ಲಿ ಮಾತ್ರ ಬ್ಯಾಡ." ಇದನ್ನು ಹೇಳಿ ಬಾವಿಗೆ ಹೋದರು, ಬಂದರು, ಮತ್ತೆ ಹೋದರು. ಕೊಡ ಎರಡು ಸಲವೂ ಖಾಲಿ.

ಹೇಳಿದವರು: ಅಕ್ಕಯ್ಯಮ್ಮ
ತಪ್ಪು ತಿಳಿದವನು: ಅಶ್ವತ್ಥಪ್ಪ


ಮೈಸೂರು
೧೨ ಆಗಸ್ಟ್ ೧೯೩೯

ಅಮ್ಮ,

ನನ್ನ ಸೋದರಮಾವನ ಹೆಸರು ನನಗೆ ಇಪ್ಪತ್ತೆರಡು ವರ್ಷಕ್ಕೆ, ಅದೂ ಮೇಷ್ಟರ ಅಂದಾಜಿನಿಂದ ತಿಳಿಯಬೇಕೇ? ನೀನು 'ನಿನ್ನ ಮಾವ' ಎನ್ನುತ್ತಿದ್ದೆ. ಅಪ್ಪ 'ನಮ್ಮ ಬಾಮೈದ' ಎನ್ನುತ್ತಿದ್ದರು. ನಡುವೆ ಆ ಮನುಷ್ಯ ಹೆಸರಿಲ್ಲದೆ ನಿಂತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಕೋಪದಲ್ಲಿ ಬರೆಯುತ್ತಿದ್ದೇನೆ. ಕೋಪ ನಿನ್ನ ಮೇಲಲ್ಲ. ಯಾರ ಮೇಲೆಂದು ಹುಡುಕುತ್ತಿದ್ದೇನೆ.

ಸಂಪಾದಕರ ಬಳಿಗೆ ಓಡಿದೆ. ಅವರು ಕನ್ನಡಕ ತೆಗೆದು ಒರೆಸಿ ಹೇಳಿದ್ದು ಇಷ್ಟು: "ನನ್ನ ಕೈಯಲ್ಲಿ ಚಿಕ್ಕವೆಂಕಟಪ್ಪನವರು ರುಜು ಮಾಡಿದ ಹೇಳಿಕೆ ಇದೆ. ನಿನ್ನ ಕೈಯಲ್ಲಿ ಏನಿದೆಯಮ್ಮ? ಒಬ್ಬ ಮೇಷ್ಟರ ಊಹೆ." ನಾನೇ ಬರೆದುಕೊಡುತ್ತೇನೆ ಎಂದೆ. "ನೀನು ಆಗ ಹುಟ್ಟಿರಲಿಲ್ಲ" ಎಂದರು. ಕಂಡುಕೇಳಿದವರು ಹೇಳಬೇಕಂತೆ. ಹಾಡು ಕಟ್ಟಿದವನು ಯಾರು ಎಂದು ನೀನೇ, ನಿನ್ನ ಬಾಯಿಂದಲೇ, ಇಬ್ಬರು ಸಾಕ್ಷಿಗಳ ಎದುರು ಹೆಸರು ಹೇಳಬೇಕು. ಹೇಳಿದ್ದನ್ನು ಬರೆದು, ನಿನ್ನ ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಗಳ ರುಜು ಹಾಕಿಸಿ ಕಳಿಸಬೇಕು. ತಲೆಯಾಡಿಸಿದರೆ ಸಾಲದು. ಸೆಪ್ಟೆಂಬರ್ ಒಂದಕ್ಕೆ ಆ ಪುಟಗಳು ಯಂತ್ರಕ್ಕೆ ಹೋಗುತ್ತವೆ. ಅಷ್ಟರೊಳಗೆ ಬಾರದಿದ್ದರೆ ಈಗಿರುವಂತೆಯೇ ಅಚ್ಚಾಗುತ್ತದೆ. ಅಚ್ಚಾಯಿತೆಂದರೆ ಮುಂದೆ ಯಾರು ಆ ಹಾಡನ್ನು ಎತ್ತಿಕೊಂಡರೂ ಕೆಳಗೆ ಚಿಕ್ಕವೆಂಕಟಪ್ಪ ಎಂದೇ ಬರೆಯುತ್ತಾರೆ. ಅಡಿಟಿಪ್ಪಣಿಯ ಗುಣವೇ ಅದು. ಒಬ್ಬರು ಹಾಕಿದ್ದನ್ನು ಹತ್ತು ಜನ ನಕಲು ಮಾಡುತ್ತಾರೆ.

ಹಾಡುಗಳನ್ನೇ ಕಿತ್ತುಹಾಕಬಹುದು. ಆಗ ಮಾವನ ಹೆಸರೂ ಇಲ್ಲ, ಹಾಡೂ ಇಲ್ಲ. ಬೇಕೇ?

ಅಚ್ಚುಮೊಳೆ ಜೋಡಿಸುವವನನ್ನು ಕೇಳಿದೆ. ಪುಟ ಕಟ್ಟಿ ಆಗಿದೆ, ಹೆಚ್ಚು ತಿದ್ದಲು ಆಗದು ಎಂದ. ಆಮೇಲೆ ಅವನೇ, "ಏಳನೇದೊಂದು ಬದಲಾಯಿಸಿ ಸಾಕು. ಕೆಳಗಿನ 'ಅದೇ'ಗಳೆಲ್ಲ ತಾವಾಗಿ ಅವರ ಕಡೆಗೆ ತಿರುಗಿಕೊಳ್ಳುತ್ತವೆ" ಎಂದ. ಒಂದೇ ಒಂದು ಹೆಸರು ಅಮ್ಮ. ಒಂದು ಸಲ ಹೇಳಿದರೆ ಆರು ಹಾಡು ಮಾವನ ಪಾಲಿಗೆ ಬರುತ್ತವೆ.

ಹೇಳು ಎಂದು ನಾನು ಬಲವಂತ ಮಾಡಲಾರೆ. ನಾನು ಮದುವೆಯಾದರೆ ಗಂಡನ ಹೆಸರನ್ನು ದಿನಕ್ಕೆ ಹತ್ತು ಸಲ ಬೀದಿಗೆ ಕೇಳುವಂತೆ ಕೂಗುವವಳೇ. ಆದರೆ ನಾನು ನೀನಲ್ಲ.

ಮುನಿರತ್ನ


ರಾಬರ್ಟ್‌ಸನ್‌ಪೇಟೆ
೧೮ ಆಗಸ್ಟ್ ೧೯೩೯

ಅಕ್ಕಯ್ಯಮ್ಮಕ್ಕನಿಗೆ ಚಿಕ್ಕವೆಂಕಟಪ್ಪನ ನಮಸ್ಕಾರ.

ನಿಮ್ಮ ಮಗಳು ಕಾಗದ ಬರೆದು, ಹಾಡು ನಿಮ್ಮದಲ್ಲವಂತೆ, ಹೇಳಿಕೆ ವಾಪಸು ತೆಗೆದುಕೊಳ್ಳಿ ಅಂದಿದ್ದಾಳೆ. ಓದಿದ ಹುಡುಗಿ, ಮಾತು ಚುರುಕು. ನಾನು ವಾಪಸು ತೆಗೆದುಕೊಳ್ಳುವುದಿಲ್ಲ ಅಕ್ಕ. ಯಾಕೆಂದು ಕೇಳಿ.

ಕಟ್ಟಿದ್ದು ಅವನೇ ಇರಬಹುದು. ಅವನಿಗೆ ನಾಲ್ಕು ಜನರ ಮುಂದೆ ಬಾಯಿ ಬರುತ್ತಿರಲಿಲ್ಲ. ಹಾಡಿದ್ದು ನಾನು. ಅವನು ಹೋದಮೇಲೆ ಈ ಇಷ್ಟು ವರ್ಷ ಮದುವೆಗೆ, ಹಬ್ಬಕ್ಕೆ, ಲೈನಿನಲ್ಲಿ ಯಾರಾದರೂ ಸತ್ತರೆ ಅದಕ್ಕೂ ಹಾಡಿಕೊಂಡು ಬಂದವನು ನಾನು. ನಾನು ಬಾಯಿ ಮುಚ್ಚಿದ್ದರೆ ಆ ಪದಗಳು ಅವನ ಹಿಂದೆಯೇ ಹೋಗುತ್ತಿದ್ದವು. ಕೇಳಿದವರು 'ಯಾರದಪ್ಪಾ ಪದ' ಅಂದರೆ ನನ್ನದು ಅಂದೆ. ಇಲ್ಲದವನ ಹೆಸರು ಹೇಳಿ ನಾನು ಯಾಕೆ ಅಳಬೇಕು?

ನೀವು ಅವನ ಒಡಹುಟ್ಟಿದವರು. ನೀವೇ ಒಂದು ದಿನವೂ ಅವನ ಹೆಸರು ಹೇಳಲಿಲ್ಲ. ನಾನು ಹೇಳಬೇಕಿತ್ತೇ?

ಕ್ಲಬ್ಬಿನ ಕಡೆ ಬಂದರೆ ಕಾಫಿ ಕುಡಿದೇ ಹೋಗಬೇಕು.

ಇಂತಿ
ಚಿಕ್ಕವೆಂಕಟಪ್ಪ


ಸೀಗೆಹಳ್ಳಿ
೨೫ ಆಗಸ್ಟ್ ೧೯೩೯

ಮುನಿರತ್ನಳಿಗೆ.

ಚಿಕ್ಕವೆಂಕಟಪ್ಪನ ಕಾಗದವನ್ನು ಓದಿ ಹೇಳಿದ ಮೇಲೆ ನಿನ್ನ ತಾಯಿ ನಾಲ್ಕು ದಿನ ಶಾಲೆಯ ಕಡೆ ಬರಲಿಲ್ಲ. ಹೊಲದಲ್ಲಿ ಕಂಡವರು, "ಕಳೆ ಅಂತ ರಾಗಿ ಪೈರನ್ನೇ ಕೀಳ್ತಾವ್ರೆ ಮೇಷ್ಟ್ರೇ" ಎಂದರು. ನಿನ್ನೆ ತಾವೇ ಬಂದು, "ಸಾಕ್ಷಿ ಕರೀರಿ. ಏನಾರ ದಾರಿ ನೋಡಣ" ಎಂದರು.

ಪಟೇಲ ಶ್ರೀರಾಮಪ್ಪನವರು ಬಂದರು. ಇನ್ನೊಬ್ಬರಾಗಿ ನಿಮ್ಮ ಸೋದರತ್ತೆ, ಅಂದರೆ ನಿಮ್ಮಪ್ಪನ ಅಕ್ಕ ನರಸಮ್ಮನವರನ್ನೇ ಕರೆಸಬೇಕೆಂದು ನಿನ್ನ ತಾಯಿ ಹಟ ಹಿಡಿದರು. ನನಗೆ ಅರ್ಥವಾಗಲಿಲ್ಲ. ಯಾರಿಗೆ ಹೆದರಬೇಕೋ ಅವರನ್ನೇ ಎದುರು ಕೂರಿಸಿಕೊಂಡಂತಿತ್ತು.

ದಾರಿಯೊಂದನ್ನು ನಾನು ಯೋಚಿಸಿಟ್ಟಿದ್ದೆ. ಮದುವೆಯಲ್ಲಿ ಹೊಸಿಲು ತಡೆದು ಮದುಮಗಳಿಂದ ಗಂಡನ ಹೆಸರು ಹೇಳಿಸುತ್ತಾರಲ್ಲ. ಪ್ರಾಸದಲ್ಲಿ ಸೇರಿಸಿ ಹೇಳಿದರೆ ದೋಷವಿಲ್ಲ. ನನ್ನ ಕಸುಬಿಗೆ ಇಷ್ಟು ಕೆಲಸ ಸಿಕ್ಕಿದ್ದು ಇದೇ ಮೊದಲು. ಹೀಗೆ ಕಟ್ಟಿದ್ದೆ:

ಮಡಕೆ ಮೇಲೆ ಕುಡಿಕೆ, ಕುಡಿಕೆ ಮೇಲೆ ಹೊದಿಕೆ;
ಕದಿರಪ್ಪನ ಹೆಸರ ಹೇಳುವೆನು, ಬೇಡ ನಿಮಗೆ ಹೆದರಿಕೆ.

ಪಟೇಲರು ತಲೆದೂಗಿದರು. ನಿನ್ನ ತಾಯಿ ಕೇಳಿದರು. "ಚೆಂದಾಗೈತೆ ಮೇಷ್ಟ್ರೇ. ಆದ್ರೆ ಇದು ಗಂಡನ ಯೆಸ್ರು ಏಳೋ ಪದ. ನಾನು ಏಳ್ಬೇಕಾಗಿರೋದು ತಮ್ಮನ್ನ. ಅವ್ನನ್ನ ಯಾಕೆ ಮಡಕೆ ಒಳಗೆ ಬಚ್ಚಿಡ್ಲಿ?"

ನರಸಮ್ಮನವರು ಸೆರಗು ಬಿಗಿದರು. "ಲೇ ಅಕ್ಕಯ್ಯಾ, ಯಾರ್ದಾದ್ರೇನು? ಬಾಯಿಂದ ಬರೋದು ನನ್ ತಮ್ಮನ ಯೆಸ್ರೇ ಅಲ್ವೇನೆ? ಈ ವಯಸ್ನಾಗೆ ನಾಲ್ಕು ಜನರ ಮುಂದೆ ಗಂಡನ ಯೆಸ್ರು ಎತ್ತೀಯಾ?"

"ನಿಂಗೂ ಒಬ್ಬ ತಮ್ಮ ಇದ್ದ ನರಸಕ್ಕಾ. ನೀನು ಇವತ್ಗೂ ಯೆಸ್ರಿಡ್ದು ಅಳ್ತೀಯ. ಅದ್ಕೇ ನಿನ್ನ ಕರ್ಸಿದ್ದು."

ಆಮೇಲೆ ನನ್ನ ಕಡೆ ತಿರುಗಿದರು. ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ.

"ಬಂಡೆ ಸಿಡ್ದಾಗ ನಾವೆಲ್ಲ ಗಣಿ ಬಾಯಿತಾವ ಓದ್ವಿ. ಎಲ್ಲಾ ಅಕ್ಕ ತಂಗೀರೂ ಯೆಸ್ರು ಕೂಗಿ ಕೂಗಿ ಅಳ್ತಾವ್ರೆ. ಮುನಿಸ್ವಾಮೀ ಅಂತಾಳೆ ಒಬ್ಳು, ಏಳುಮಲೈ ಅಂತಾಳೆ ಒಬ್ಳು. ನಾನು ತಮ್ಮಾ ತಮ್ಮಾ ಅಂತಿದ್ದೆ. ಅಲ್ಲಿ ಎಷ್ಟು ಜನ ತಮ್ಮಂದ್ರು! ಯಾವ ತಮ್ಮ ಅಂತ ಓಗೊಡ್ತಾನೆ? ಪಕ್ಕದಲ್ಲೇ ಇವ್ರು ನಿಂತಿದ್ರು, ಬಾಯಿ ಬರ್ಲಿಲ್ಲ. ಗಂಡನ ಯೆಸ್ರು ಎತ್ತಿದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ಕಟ್ಕಂಡೆ ಬಾಯ್ನ. ಕಟ್ಕಂಡಿದ್ದಕ್ಕೆ ಇವ್ರು ಉಳುದ್ರಾ?"

ಪಟೇಲರು ಕೊಡೆಯ ಹಿಡಿಕೆಯನ್ನು ನೋಡುತ್ತಿದ್ದರು.

"ಬರ್ಕಳ್ಳಿ. ಏಳ್ನೇ ಪದ ಕಟ್ದೋನು ಕದಿರ. ನನ್ ತಮ್ಮ ಕದಿರ. ಕದಿರಪ್ಪ. ಕೋರಮಂಡಲ್ ಗಣೀಲಿ ಇದ್ದೋನು." ಉಸಿರು ಎಳೆದುಕೊಂಡು ನರಸಮ್ಮನವರಿಗೆ ಹೇಳಿದರು: "ನಾನು ಕರ್ದದ್ದು ನನ್ ತಮ್ಮನ್ನ. ನಿನ್ ತಮ್ಮ ಓಗೊಟ್ರೆ ಓಗೊಡ್ಲಿ ಬಿಡು."

ನರಸಮ್ಮನವರು ಎದ್ದರು. ಹೋಗಿಬಿಡುತ್ತಾರೆ, ಸಾಕ್ಷಿ ಒಂದು ಕಡಿಮೆಯಾಯಿತು ಎಂದುಕೊಂಡೆ. ಮೂಗು ಒರೆಸಿಕೊಂಡು ಬಂದು, "ಎಲ್ಲಿ ಒತ್ಬೇಕು ಮೇಷ್ಟ್ರೇ, ತೋರ್ಸಿ" ಎಂದು ಹೆಬ್ಬೆಟ್ಟು ಒತ್ತಿ, ಯಾರನ್ನೂ ನೋಡದೆ ಹೊರಟುಹೋದರು.

ಕಡೆಯಲ್ಲಿ ನಿನ್ನ ತಾಯಿ ಇನ್ನೊಂದು ಸಾಲು ಸೇರಿಸಿದ್ದಾರೆ: "ಆಡಿ ಉಳ್ಸಿದೋನು ಚಿಕ್ಕವೆಂಕಟ ಅಂತ್ಲೂ ಆಕಿ. ಅದು ಸುಳ್ಳಲ್ಲ. ಬಾಯಿ ಇದ್ದೋನು ಅವ್ನೊಬ್ನೇ." ಹೇಳಿಕೆ ಇದರೊಡನೆ ಇದೆ. ಟಪಾಲಿಗೆ ಹಾಕಲು ನಾನೇ ಬಂಗಾರಪೇಟೆ ಸ್ಟೇಷನ್ನಿಗೆ ಹೋಗುತ್ತಿದ್ದೇನೆ. ನಡುವಿನ ಯಾವ ಕೈಯನ್ನೂ ಇವತ್ತು ನಂಬಲಾರೆ.

ಹೇಳಿದವರು: ಅಕ್ಕಯ್ಯಮ್ಮ
ಬರೆದವನು: ಅಶ್ವತ್ಥಪ್ಪ


ಮೈಸೂರು
೭ ಸೆಪ್ಟೆಂಬರ್ ೧೯೩೯

ಅಮ್ಮ,

ಕಡೆಯ ದಿನಕ್ಕೆ ತಲುಪಿತು. ನನ್ನೆದುರಿಗೇ ಮೊಳೆ ಜೋಡಿಸುವವನು ಚಿಮಟದಲ್ಲಿ 'ಅದೇ'ಯನ್ನು ಕಿತ್ತು, ಕದಿರಪ್ಪ ಎಂದು ಕೂರಿಸಿದ. ಮುಂದಿನ ಐದು 'ಅದೇ'ಗಳು ಕೂತಲ್ಲಿಂದ ಏಳದೆಯೇ ಮಾವನವಾದವು. ಪುಟ ಕಟ್ಟಿದ ಮೇಲೆ ಇಂಥ ತಿದ್ದುಪಾಟು ತಾನು ಯಾರಿಗೂ ಮಾಡಿಕೊಟ್ಟಿಲ್ಲ ಎಂದ. ಚಿಕ್ಕವೆಂಕಟಪ್ಪನವರ ಸಾಲು ಪ್ರಬಂಧದ ಕೊನೆಗೆ ಹೋಯಿತು.

ಆದರೆ ಯುದ್ಧ ಶುರುವಾಯಿತಲ್ಲ. ಕಾಗದ ಸಿಗುವುದು ಕಷ್ಟ, ಈ ಸಂಚಿಕೆ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ ಹೇಳಲಾರೆ ಎನ್ನುತ್ತಾರೆ ಸಂಪಾದಕರು. ಅರ್ಧ ಅಚ್ಚಾಗಿ ಕಚೇರಿಯ ಮೂಲೆಯಲ್ಲಿದೆ. ಎರಡು ದಿನಕ್ಕೊಮ್ಮೆ ಹೋಗಿ ಇಲಿ ಬಂದಿಲ್ಲ ತಾನೇ ಎಂದು ನೋಡಿಕೊಂಡು ಬರುತ್ತೇನೆ.

ಆ ಹೆಸರನ್ನು ಹಾಸ್ಟೆಲಿನ ಮಾಳಿಗೆಯ ಮೇಲೆ ನಿಂತು ಜೋರಾಗಿ ಹೇಳಿ ನೋಡಿದೆ. ಮಾವನ ಮುಖ ನನಗೆ ಗೊತ್ತಿಲ್ಲ. ಅಪ್ಪನನ್ನೇ ಕರೆದಂತಾಯಿತು. ನಿನಗೆ ಯಾರನ್ನು ಕರೆದಂತಾಯಿತು ಎಂದು ಕೇಳಬೇಕೆಂದಿದ್ದೆ, ಬೇಡ.

ಮುನಿರತ್ನ


ಸೀಗೆಹಳ್ಳಿ
೧೬ ಜನವರಿ ೧೯೪೦

ಚಿರಂಜೀವಿ ಮುನಿರತ್ನಳಿಗೆ ಆಶೀರ್ವಾದ.

ಸಂಕ್ರಾಂತಿ ಮುಗಿದು ಇವತ್ತು ಪತ್ರಿಕೆ ಬಂತು. ಇಷ್ಟು ತಿಂಗಳು ನಿನ್ನ ತಾಯಿ ಅದರ ಮಾತೇ ಎತ್ತಲಿಲ್ಲ. ಟಪಾಲಿನವನು ಬೇರೆ ಮನೆಗೆ ತಿರುಗಿದರೆ ಮಾತ್ರ, "ಅವ್ನಿಗೆ ದಾರಿ ಗೊತ್ತಿಲ್ಲ" ಎನ್ನುತ್ತಿದ್ದರು.

ಕಾಗದ ತೆಳ್ಳಗೆ, ಮಸಿ ಹಿಂದಿನ ಪುಟಕ್ಕೆ ಇಳಿದಿದೆ, ಯುದ್ಧದ ಕಾಗದ. ಹಾಡುಗಳನ್ನು ಓದುತ್ತೇನೆ ಎಂದೆ. "ಪದ ನಂಗೆ ಗೊತ್ತು. ಅದು ಎಲ್ಲೈತೆ ತೋರ್ಸಿ" ಎಂದರು. ತೋರಿಸಿದೆ. ಬೆರಳಿಟ್ಟು ನೋಡಿದರು.

"ಯಾಕಿಷ್ಟು ಸಣ್ಣಕ್ಕೆ?"

"ಅಡಿಟಿಪ್ಪಣಿ ಅಮ್ಮ. ಅಡಿಯಲ್ಲಿ ಇರುವುದು ಸಣ್ಣ ಅಕ್ಷರದಲ್ಲೇ."

"ಅಡೀಲೇ ಅಲ್ವಾ ಅವ್ನು ಇದ್ದದ್ದು" ಎಂದರು. ಪತ್ರಿಕೆಯನ್ನು ನನ್ನ ಕೈಗೇ ಕೊಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ನಿಂತರು. ಕೂರಲಿಲ್ಲ. ಎರಡು ಸಲ ಒಳಗೆ ಬಂದು ಮತ್ತೆ ಹೊರಗೆ ಹೋದರು.

ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ಬಂತು. ಬಂಗಾರಪೇಟೆಗೆ ಬಾಡಿಗೆ ಹೊಡೆಯುವ ಕುಂಟು ಗಾಡಿಯವನು. ಅವನ ಹೆಸರೂ ಕದಿರಪ್ಪನೇ ಎಂದು ನನಗೆ ಇವತ್ತೇ ತಿಳಿದದ್ದು. ಇಷ್ಟು ವರ್ಷ ನಿನ್ನ ತಾಯಿ ಅವನನ್ನು 'ಲೇ ಗಾಡಿಯೋನೇ' ಎಂದೇ ಕರೆಯುತ್ತಿದ್ದರಂತೆ. ಗಾಡಿ ಮನೆ ದಾಟಿ ಮುಂದೆ ಹೋಗಿತ್ತು.

"ಲೋ ಕದಿರಾ!"

ಇಡೀ ಬೀದಿಗೆ ಕೇಳಿತು. ಎದುರು ಮನೆಯವರು ಬಾಗಿಲಿಗೆ ಬಂದರು. ಎತ್ತುಗಳು ನಿಂತವು. ಅವನು ತಿರುಗಿ, ಯಾವ ಊರಿಗೆ ಯಾವ ಮೂಟೆಯೋ ಎಂದುಕೊಂಡು, ತಲೆಯ ವಸ್ತ್ರ ಬಿಚ್ಚುತ್ತ ಕುಂಟಿಕೊಂಡು ಹಿಂದಕ್ಕೆ ಬಂದ.

"ಏನಕ್ಕಾ?"

ಮೂಟೆ ಇಲ್ಲ, ಊರಿಲ್ಲ. ಅವನನ್ನೇ ನೋಡುತ್ತ ನಿಂತರು.

"ಉಂಡ್ಯೇನ್ಲಾ?" ಎಂದರು.

"ಇನ್ನೂ ಇಲ್ಲ ಕಣಕ್ಕಾ" ಎಂದ ಅವನು.

ಒಳಗೆ ಮುದ್ದೆ ಬಡಿಸುತ್ತಿರುವ ಸದ್ದು ಕೇಳುತ್ತಿದೆ. ಕಾಗದ ಮುಗಿಸಲು ಕರೆದರೆ, "ತಡೀರಿ ಮೇಷ್ಟ್ರೇ, ಅವ್ನು ಇನ್ನೊಂದ್ ಮುದ್ದೆ ತಿಂತಾನೆ" ಎನ್ನುತ್ತಿದ್ದಾರೆ.

ಬರೆದವನು: ಅಶ್ವತ್ಥಪ್ಪ
ಹೇಳುವವರು ಒಳಗಿದ್ದಾರೆ